ತವರಿನ ಗಂಟು

ಇಳಕಲ್ಲಿನಲ್ಲಿರುವ ನನ್ನ ಅಣ್ಣನ ಸೀರೆ ಅಂಗಡಿಯಲ್ಲಿ ಗಿರಾಕಿ ಒಮ್ಮೆ ಗಾದಿಯ ಮೇಲೆ ಕೂತರೆ ಬರಿಗೈಯಲ್ಲಿ ಏಳುವುದು ಕಷ್ಟ. ಅಂಥ ಮಾತುಗಾರ ಅವನು. ಆದರೆ ಅದೇ ಮಾತನ್ನು ಬರೆಯಲು ಕೂತನೆಂದರೆ ತಹಶೀಲ್ದಾರ ಕಚೇರಿಯ ನೋಟಿಸು ಹೊರಬೀಳುತ್ತದೆ. ಹೋದ ವರ್ಷ ಪಂಚಮಿಗೆ ಮುಂಚೆ ಅವನು ಗುರುತಿದ್ದವರ ಮೊಬೈಲಿಗೆಲ್ಲ ಕಳಿಸಿದ ಜಾಹೀರಾತು ಇಷ್ಟೇ: ‘ಉತ್ತಮ ಗುಣಮಟ್ಟದ ಕೈಮಗ್ಗದ ಸೀರೆಗಳು ಯೋಗ್ಯ ದರದಲ್ಲಿ ದೊರೆಯುತ್ತವೆ. ಒಮ್ಮೆ ಭೇಟಿ ನೀಡಿ ಸಂತೃಪ್ತರಾಗಿ.’ ಹಬ್ಬ ಹತ್ತಿರ ಬಂದರೂ ಅದನ್ನು ನೋಡಿ ಅಂಗಡಿಯ ಹೊಸ್ತಿಲು ಯಾರೂ ತುಳಿಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಬಾಗಲಕೋಟೆಯ ನವನಗರದಲ್ಲಿ ನನ್ನ ಗಂಡನ ಮನೆ. ಕೆಂಪು ಪೆನ್ನು ಕೈಬಿಟ್ಟರೂ ತಿದ್ದುವ ಚಟ ಬಿಟ್ಟಿಲ್ಲ. ಅದನ್ನು ಓದಿದೊಡನೆ ಅಣ್ಣನಿಗೆ ಫೋನು ಹಚ್ಚಿದೆ.

“ಇದನ್ನ ಯಾರಿಗಿ ಬರದಿಯೋ ಅಣ್ಣಾ?”

“ಎಲ್ಲಾರಿಗೂ.”

“ಸಂತೃಪ್ತರಾಗಿ ಅಂತ ನಿನ್ನ ಅಂಗಡ್ಯಾಗ ಯಾರರ ಮಾತಾಡ್ತಾರೇನು? ನಿನ್ನ ಸೀರಿ ಉಡೂ ಹೆಣಮಗಳು ಹೆಂಗ ಮಾತಾಡ್ತಾಳ, ಮೊದಲು ಅದನ್ನ ಕೇಳು.”

“ನೀನ ಬಂದು ಕೇಳವಾ, ಅಕ್ಕೋರು,” ಎಂದ. ಶಾಲೆಯ ಮಕ್ಕಳು ನನ್ನನ್ನು ಕರೆಯುತ್ತಿದ್ದ ಹೆಸರಿನಿಂದಲೇ ಅವನು ನನ್ನನ್ನು ಕೆಣಕುವುದು.

ಹಟಕ್ಕೆ ಬಿದ್ದು ಹೋದೆ. ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಬಂದವರ ಮಾತಿಗೆ ಕಿವಿಗೊಟ್ಟು ಕೂತೆ. ಗುಣಮಟ್ಟದ ಸುದ್ದಿಯನ್ನು ಒಬ್ಬಳೂ ಎತ್ತಲಿಲ್ಲ. ಇದನ್ನು ಉಟ್ಟರೆ ನೆಗೆಣ್ಣಿ ಏನಂದಾಳು, ಅತ್ತೆಯ ಕಣ್ಣು ಇದರ ಮೇಲೆ ಬಿದ್ದೀತೇ, ತಂಗಿಗೆ ಇದಕ್ಕಿಂತ ಹೆಚ್ಚಿನದು ಕೊಟ್ಟಿದ್ದರು, ಬರೀ ಇದೇ. ಪ್ರತಿಯೊಬ್ಬಳೂ ಯಾರದೋ ಕಣ್ಣಿಗಾಗಿ ಸೀರೆ ಕೊಳ್ಳುತ್ತಿದ್ದಳು. ಅಣ್ಣನ ಜಾಹೀರಾತಿನಲ್ಲಿ ಆ ಕಣ್ಣುಗಳು ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅವಳು ಬಂದಳು. ಮೂವತ್ತರ ಆಸುಪಾಸಿನವಳು, ಒಬ್ಬಳೇ. ಕೆರೂರಿನಿಂದ ಬಂದಿದ್ದಳು, ಮನೆಯಲ್ಲಿ ಬಾಗಲಕೋಟೆಯ ದವಾಖಾನೆಗೆಂದು ಹೇಳಿ. ಕೆಂಪು ಸೆರಗಿನ ಗಿಣಿಹಸಿರು ಸೀರೆಯೊಂದನ್ನು ಆರಿಸಿದಳು. ಅದಕ್ಕೊಪ್ಪುವ ಗುಳೇದಗುಡ್ಡದ ಕುಪ್ಪಸದ ಖಣವನ್ನೂ ತೆಗೆಸಿದಳು. ಅಣ್ಣ ಅಂಗಡಿಯ ಚೀಲ ಬಿಡಿಸಿದಾಗ ಕೈ ಅಡ್ಡ ಹಿಡಿದಳು.

“ಚೀಲದಾಗ ಬ್ಯಾಡ್ರಿ. ಕೆರೂರಿಗಿ ಬಸ್ಸಿನ್ಯಾಗ ಹಾಕಿ ಕಳಸ್ರಿ. ಅಂಗಡ್ಯಾಗಿಂದ ಬಂದಂಗ ಕಾಣಬಾರದು. ಮನ್ಯಾಗಿಂದ ಯಾರರ ಕಳಿಸಿದಂಗ ಇರಬೇಕ್ರಿ.”

ಬರುವಾಗ ಹುನಗುಂದದಲ್ಲಿ ಕೊಂಡ ಶೇಂಗಾ ಉಂಡಿಗಳನ್ನು ತನ್ನ ಚೀಲದಿಂದ ತೆಗೆದಳು. ಐದನ್ನು ಎಣಿಸಿ ಖಣದ ಮೇಲಿಟ್ಟಳು. ಆಮೇಲೆ ಗಂಡಸರು ಹೆಗಲಿಗೆ ಹಾಕುವ ಹಳೆಯ ವಲ್ಲಿಯೊಂದು ಸಿಗಬಹುದೇ ಎಂದು ಕೇಳಿದಳು. ಅಣ್ಣ ಹೆಗಲ ಮೇಲಿದ್ದ ತನ್ನದೇ ವಲ್ಲಿಯನ್ನು ತೆಗೆದುಕೊಟ್ಟ. ಅದರಲ್ಲಿ ಎಲ್ಲವನ್ನೂ ಇಟ್ಟು ಗಂಟು ಕಟ್ಟಿದಳು, ನೋಡಿದಳು, ಬಿಚ್ಚಿದಳು.

“ನೀವ ಕಟ್ರಿ ಅಣ್ಣಾರ. ಗಂಡಸರು ಕಟ್ಟೂ ಗಂಟು ಬ್ಯಾರೆ ಇರತೈತಿ. ನಮ್ಮ ಅತ್ತಿ ಗುರುತು ಹಿಡೀತಾಳ.”

ಅಣ್ಣ ಕಟ್ಟಿದ. ಅವಳು ಬೀದಿಯ ಎರಡೂ ಕಡೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಅಣ್ಣನ ದಪ್ಪ ಬೆರಳಿಗೆ ಮೊಬೈಲಿನ ಅಕ್ಷರ ಒಲಿಯುವುದಿಲ್ಲ. ಅಂಗಡಿಯ ನಂಬರಿಗೆ ಬರುವ ಮೆಸೇಜುಗಳಿಗೆ ಉತ್ತರಿಸುವ ಕೆಲಸ ಅಂದಿನಿಂದ ನನ್ನದಾಯಿತು, ಆ ಫೋನೂ ನನ್ನ ಜೊತೆ ನವನಗರಕ್ಕೆ ಬಂತು. ಹೀಗಾಗಿ ಅವಳ ಕಥೆ ನನಗೆ ತುಣುಕು ತುಣುಕಾಗಿ ಬಂತು, ಯಾವಾಗಲೂ ಮಧ್ಯಾಹ್ನ, ಮನೆಯವರು ಮಲಗಿದ ಹೊತ್ತಿನಲ್ಲಿ. ಅವಳು ಹುಟ್ಟಿದ ಊರು ಮುಳುಗಡೆಯಾಗಿ ಹಿನ್ನೀರಿನ ಕೆಳಗಿದೆ. ತಂದೆತಾಯಿ ತೀರಿಕೊಂಡಿದ್ದಾರೆ. ಇದ್ದೊಬ್ಬ ಅಣ್ಣ ದುಡಿಯಲು ಗೋವಾಕ್ಕೆ ಹೋದವನು ಸುದ್ದಿ ಬಿಟ್ಟಿದ್ದಾನೆ. ಓಣಿಯ ಸೊಸೆಯಂದಿರೆಲ್ಲ ಪಂಚಮಿಗೆ ತವರಿನ ಸೀರೆ ಉಟ್ಟು ಜೋಕಾಲಿ ಏರಿದಾಗ ಇವಳು ಹಳೆಯದರಲ್ಲೇ ನಿಂತಿರಬೇಕು. ಮಕ್ಕಳಾಗಿಲ್ಲ. ಗಂಡನಿಗೆ ಇನ್ನೊಂದು ಹೆಣ್ಣು ತರುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು.

“ಗಂಟು ಬಂದ ಮ್ಯಾಲೆ ಆ ಮಾತು ನಿಂತೈತ್ರಿ ಅಕ್ಕಾರ,” ಎಂದು ಹಬ್ಬದ ನಂತರ ಬರೆದಳು. “ಅಣ್ಣ ಗೋವಾದಿಂದ ಕಳಿಸ್ಯಾನ ಅಂತ ಹೇಳೇನಿ. ನನ್ನ ಹಿಂದ ಮಂದಿ ಅದಾರಂತ ನಂಬ್ಯಾರ. ಇದು ತಪ್ಪಿದ್ರ ನನ್ನ ಈ ಮನ್ಯಾಗ ಇಟ್ಕೊಳ್ಳೂದಿಲ್ರಿ.”

ದೀಪಾವಳಿಗೂ ಒಂದು ಗಂಟು ಕಳಿಸಿದೆವು. ಅದನ್ನೂ ಅಣ್ಣನೇ ಕಟ್ಟಿದ.

ಈ ವರ್ಷ ಆಷಾಢ ಬಂದಾಗ ಅಣ್ಣ ಮತ್ತೆ ಗುಣಮಟ್ಟ, ಯೋಗ್ಯ ದರ ಎಂದು ಶುರುಮಾಡಿದ. ಸಾಕು ಮಾಡೋ ಮಾರಾಯಾ ಎಂದು ಗದರಿ ನಾನೇ ಬರೆದೆ. ಬರೆಯುವಾಗ ನನ್ನ ಕಣ್ಣಮುಂದೆ ಒಬ್ಬಳೇ ಇದ್ದಳು. ಎಲ್ಲರಿಗೂ ಬರೆಯಬಾರದು, ಒಬ್ಬಳಿಗೆ ಬರೆಯಬೇಕು ಎಂದು ಅಣ್ಣನಿಗೆ ಪಾಠ ಹೇಳಿದವಳು ನಾನೇ ತಾನೆ. ಆದ್ದರಿಂದ ಹೀಗೆ ಬರೆದೆ:

“ಈ ಪಂಚಮಿಗಿ ನಿಮ್ಮ ಅಣ್ಣಗ ಬರಾಕ ಆಗವಲ್ದೇನವಾ? ಇರ್ಲಿ. ಸೀರಿ, ಖಣ, ಐದು ಉಂಡಿ, ಹಳೇ ವಲ್ಲ್ಯಾಗ ಕಟ್ಟಿದ ಗಂಟು, ನಿನ್ನ ಹೊಸ್ತಿಲಿಗಿ ಬರ್ತೈತಿ. ಯಾರು ಕಳಿಸ್ಯಾರಂತ ಯಾರೂ ಕೇಳೂದಿಲ್ಲ.”

ಅಣ್ಣನ ದನಿಯಲ್ಲೇ ಹೇಳಿಸಿದೆ. ಅವನ ಕೈಗಳು ಗಂಟು ಬಿಗಿಯುವುದನ್ನಷ್ಟೇ ತೋರಿಸುವ ವಿಡಿಯೋ. ಮತ್ತೆ ಮತ್ತೆ ಹಚ್ಚಿ ಕೇಳಿದೆ. ಬರೆದರೆ ಹೀಗೆ ಬರೆಯಬೇಕು ಎಂದು ಬೀಗಿದೆ ಕೂಡ, ಸುಳ್ಳು ಯಾಕೆ ಹೇಳಲಿ.

ವಿಡಿಯೋ ಹೊರಬಿದ್ದ ಮರುದಿನದಿಂದ ಫೋನು ಬಡಿದುಕೊಳ್ಳತೊಡಗಿತು. ಬಾದಾಮಿ, ಮುಧೋಳ, ಗಜೇಂದ್ರಗಡ, ಕುಷ್ಟಗಿ, ಎಲ್ಲೆಲ್ಲಿಂದಲೋ. ಅಣ್ಣನ ಮನೆಯ ಹಳೆಯ ವಲ್ಲಿಗಳು ಖಾಲಿಯಾದವು. ಅವನು ಹೊಸ ವಲ್ಲಿಗಳ ಕಟ್ಟು ತರಿಸಿ, ಸೋಡಾದಲ್ಲಿ ನೆನೆಹಾಕಿ, ಕಲ್ಲಿಗೆ ಬಡಿದು ಬಡಿದು ಹಳೆಯದು ಮಾಡಿದ. ಅಂಗಡಿಯ ಹಿಂದಿನ ಹಿತ್ತಿಲ ತುಂಬ ಅವು ಸಾಲಾಗಿ ಒಣಗುತ್ತಿದ್ದವು. ಅಣ್ಣನಿಗೆ ಸಂತೋಷ ತಡೆಯಲಾಗದು. ಆದರೆ ಮೆಸೇಜುಗಳನ್ನು ಓದುತ್ತಿದ್ದವಳು ನಾನು. ಎಲ್ಲವೂ ಮಧ್ಯಾಹ್ನವೇ ಬರುತ್ತಿದ್ದವು. ಫೋನು ಮಾಡಬೇಡಿರಿ ಎಂದು ಎಲ್ಲರೂ ಬರೆಯುತ್ತಿದ್ದರು. ಸೀರೆ ಕೊಳ್ಳುವ ಹೆಂಗಸು ಚೌಕಾಸಿ ಮಾಡದೆ ಇರುವುದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಇವರಲ್ಲಿ ಒಬ್ಬಳೂ ಮಾಡಲಿಲ್ಲ. ಇಷ್ಟು ಮನೆಗಳಲ್ಲಿ ಇಷ್ಟು ಹೆಂಗಸರು ಬಾಗಿಲ ಕಡೆ ನೋಡುತ್ತ ಕೂತಿದ್ದಾರೆಯೇ ಎಂದು ಹೆದರಿಕೆಯಾಯಿತು.

ಕೆರೂರಿನವಳಿಂದ ಬಹಳ ದಿನ ಸುದ್ದಿಯಿರಲಿಲ್ಲ. ಕೊನೆಗೆ ಬಂತು.

“ಅಕ್ಕಾರ, ಆ ವಿಡಿಯೋ ತಗೀರಿ. ನಿಮ್ಮ ಕಾಲು ಬೀಳ್ತೇನಿ. ಅತ್ತಿ ನೋಡಾಕತ್ತಾಳ. ನನ್ನ ಎದುರಿಗಿ ಕುಂತು ಮತ್ತ ಮತ್ತ ಹಚ್ಚತಾಳ. ಏನೂ ಮಾತಾಡವಲ್ಲಳು.”

ನಾನೂ ಅದನ್ನು ಮತ್ತೆ ಹಚ್ಚಿ ನೋಡಿದೆ. ಐದು ಉಂಡಿ, ಹಳೆಯ ವಲ್ಲಿ, ಗಂಡಸಿನ ಕೈಯ ಗಂಟು. ಅವಳು ಬಚ್ಚಿಟ್ಟುಕೊಂಡಿದ್ದನ್ನೆಲ್ಲ ನಾನು ಒಂದೂ ಬಿಡದೆ ಚಂದದ ಮಾತಿನಲ್ಲಿ ಜೋಡಿಸಿ ಅವಳ ಅತ್ತೆಯ ಅಂಗೈಯಲ್ಲಿಟ್ಟಿದ್ದೆ. ಅವಳಿಗೆ ಮುಟ್ಟಲೆಂದು ಬರೆದದ್ದು ಅವಳ ಸುತ್ತಲಿನವರಿಗೂ ಮುಟ್ಟುತ್ತದೆ ಎನ್ನುವುದು ಇಷ್ಟು ವರ್ಷ ಪಾಠ ಹೇಳಿದವಳಿಗೆ ತಿಳಿಯಬೇಡವೇ?

ಅಣ್ಣನಿಗೆ ಹೇಳಿದರೆ ಅವನು ಗೊಣಗಿದ. “ಸೀಜನ್ನಿನ್ಯಾಗ ತಗಿ ಅಂದ್ರ ಹೆಂಗ?” ನಾನು ಚೀರಾಡಿದ ಮೇಲೆ ತೆಗೆದ. ತೆಗೆದು ಏನು ಬಂತು? ಅಷ್ಟರಲ್ಲಿ ಅದು ಯಾವ ಯಾವ ಗ್ರೂಪಿಗೋ ಹೋಗಿಯಾಗಿತ್ತು. ನಮ್ಮ ಪಕ್ಕದ ಮನೆಯಾಕೆ ಅದನ್ನು ನನಗೇ ಕಳಿಸಿ, ಎಷ್ಟು ಚಂದ ಐತಿ ನೋಡ್ರಿ ಎಂದು ಬರೆದಳು.

ಪಂಚಮಿಗೆ ಮುಂಚಿನ ಅಮಾವಾಸ್ಯೆ ಕಳೆದು ಅಂಗಡಿಯ ನಂಬರಿಗೆ ಒಂದು ಕರೆ ಬಂತು. ವಯಸ್ಸಾದ ಹೆಂಗಸಿನ ದನಿ, ಬಹಳ ಮೆತ್ತಗಿತ್ತು.

“ಕೆರೂರಿಂದ ಮಾತಾಡತೇನ್ರಿ. ನಿಮ್ಮಲ್ಲಿ ತವರಿನ ಗಂಟು ಕಳಸ್ತೀರಂತಲ್ರಿ?”

“ಹೌದ್ರಿ.”

“ಹೋದ ವರ್ಷ ನಮ್ಮ ಸೊಸಿಗೂ ಬಂದಿತ್ತು. ಅದು ನಿಮ್ಮಲ್ಲಿಂದ ಬಂದಿದ್ದೇನ್ರಿ? ಖರೆ ಹೇಳ್ರಿ. ನಾ ಏನೂ ತಪ್ಪು ತಿಳಕೊಳ್ಳೂದಿಲ್ಲ. ಅಕೀಗಿ ಯಾರೂ ಇಲ್ಲಂದ್ರ ಇಲ್ಲ ಅಂತ ಹೇಳಿಬಿಡ್ರಿ.”

ಆ ಮೆತ್ತನೆಯ ದನಿಗೆ ನನ್ನ ಮೈ ಉರಿಯಿತು. ಯಾರೂ ಇಲ್ಲ ಎಂಬ ಮಾತನ್ನು ನನ್ನ ಬಾಯಿಂದ ಹೇಳಿಸಿ, ಅದನ್ನೇ ಹಿಡಿದುಕೊಂಡು ಆ ಹುಡುಗಿಯನ್ನು ಅರೆಯಲು ಹೊರಟಿದ್ದಾಳೆ ಎಂದುಕೊಂಡೆ. ಸಿಟ್ಟಿನ ಭರದಲ್ಲಿ ಮಾತು ತಾನೇ ಬಂತು.

“ಯಾಕ ಇಲ್ರಿ? ಗೋವಾದ ಅಣ್ಣ ಹೇಳಿ ಕಳಿಸಿದ್ದಕ್ಕ ಅಕಿ ಕಾಕಾನ ಮಗ ಬಂದು, ತಾನ ನಿಂತು ಆರಿಸಿ, ತನ್ನ ಕೈಯಾರ ಕಟ್ಟಿ ಕಳಿಸ್ಯಾನ. ನಾನ ನೋಡೇನಿ.”

“ಹೌದ? ಭಾಳ ಚಲೋ ಆತು,” ಎಂದಳು. ಆ ದನಿಯಲ್ಲಿ ನಿಜವಾದ ಸಮಾಧಾನವಿತ್ತು. ಅದೇ ನನಗೆ ಅರ್ಥವಾಗಲಿಲ್ಲ. “ಹಂಗಾರ ಅವರಿಗಿ ಹೇಳ್ರಿ, ಪಂಚಮಿಗಿ ಬಂದು ತಂಗೀನ ಕರಕೊಂಡು ಹೋಗ್ರಂತ. ದಾರಿ ನೋಡ್ತೀವಿ.”

ಆ ಮಧ್ಯಾಹ್ನವೇ ಸೊಸೆಯ ಮೆಸೇಜು. “ಕಾಕಾನ ಮಗ ಬರ್ತಾನ ಅಂತ ಓಣೀಗೆಲ್ಲ ಹೇಳ್ಯಾಳ್ರಿ. ಯಾರರ ಒಬ್ರು ಬರ್ರಿ ಅಕ್ಕಾರ. ಬರಲಿಲ್ಲಂದ್ರ ನನ್ನ ಕಥಿ ಮುಗೀತು.”

ಅಣ್ಣ ಮೊದಲು ಒಪ್ಪಲಿಲ್ಲ. ನಾವು ಸೀರೆ ಮಾರುವವರು, ನಾಟಕ ಆಡುವವರಲ್ಲ ಎಂದ. ನಾನು ಬಿಡಲಿಲ್ಲ. ಅವನನ್ನು ಕಾಕಾನ ಮಗನೆಂದೂ ನನ್ನನ್ನು ಅವನ ತಂಗಿಯೆಂದೂ ಹೇಳುವುದು, ಚಹಾ ಕುಡಿಯುವುದು, ಹಬ್ಬಕ್ಕೆ ಕರೆಯುವುದು, ಮನೆಯಲ್ಲಿ ಕೆಲಸವಿದ್ದರೆ ಆಮೇಲೆ ಕಳಿಸಿರೆಂದು ಹೇಳಿ ಎದ್ದು ಬರುವುದು. ಇಷ್ಟೇ ಲೆಕ್ಕ. ವಿಡಿಯೋದಲ್ಲಿ ಅಣ್ಣನ ಮುಖ ಇರಲಿಲ್ಲವಲ್ಲ ಎಂಬ ಧೈರ್ಯ ಬೇರೆ. ಅವಳ ಹಿಂದೆ ಮಂದಿ ಇದ್ದಾರೆಂದು ಓಣಿ ಕಣ್ಣಾರೆ ನೋಡಿದರೆ ಸಾಕು ಎಂದುಕೊಂಡಿದ್ದೆವು.

ಪಂಚಮಿಯ ದಿನ ಅಣ್ಣ ಇಳಕಲ್ಲಿನಿಂದ ತನ್ನ ಕಾರು ತಂದು ನನ್ನನ್ನು ನವನಗರದಿಂದ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಕೆರೂರಿನ ಆ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೊಸ ಸೀರೆಯ ಹೆಂಗಸರು ನಮ್ಮನ್ನು ಕಂಡು ಜೀಕುವುದನ್ನು ನಿಲ್ಲಿಸಿದರು. ಅವರ ಮುಖದಲ್ಲಿ ಕುತೂಹಲಕ್ಕಿಂತ ಬೇರೆ ಏನೋ ಇತ್ತು. ಒಬ್ಬಳು ನನ್ನ ಕಣ್ಣು ತಪ್ಪಿಸಿದಳು.

ಮನೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು, ಕಟ್ಟೆಯವರೆಗೂ. ಒಳಗೆ ಪಡಸಾಲೆಯಲ್ಲಿ ಇಬ್ಬರು ಹಿರಿಯರು ಜಮಖಾನದ ಮೇಲೆ ಕೂತಿದ್ದರು. ಮನೆಯವರಲ್ಲ, ಓಣಿಯ ಪಂಚರು. ಅವಳ ಗಂಡ ಗೋಡೆಗೊರಗಿ ಮೊಬೈಲು ನೋಡುತ್ತಿದ್ದ, ತಲೆಯೆತ್ತಲಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ಟ್ರಂಕು, ಎರಡು ಕೈಚೀಲ ಸಿದ್ಧವಾಗಿದ್ದವು. ಹಬ್ಬಕ್ಕೆ ನಾಲ್ಕು ದಿನ ಹೋಗುವವರಿಗೆ ಟ್ರಂಕು ಯಾಕೆ ಎಂದು ನಾನು ಅಣ್ಣನ ಮುಖ ನೋಡಿದೆ.

ಅತ್ತೆ ಚಹಾ ತಂದಳು. ಚುರುಮುರಿ, ಉಂಡಿ ತಂದಿಟ್ಟಳು. ತೆಳ್ಳಗಿನ, ನಗುಮುಖದ ಹೆಂಗಸು. “ನೀವ ಏನ್ರಿ ಕಾಕಾನ ಮಗ?” ಎಂದು ಕೇಳಿದಳು.

“ಹೌದ್ರಿ. ತಂಗೀನ ಕರ್ಯಾಕ ಬಂದೀವಿ,” ಎಂದ ಅಣ್ಣ.

ಆ ಒಂದು ವಾಕ್ಯಕ್ಕೆ ಅವಳ ಕೈ ತಟ್ಟೆಯ ಮೇಲೆ ನಿಂತಿತು. ಅಣ್ಣನ ಮುಖವನ್ನು ನೋಡಿದಳು. ಅವನ ಕೈಗಳನ್ನು ನೋಡಿದಳು. ಆಮೇಲೆ ತಟ್ಟೆಯನ್ನು ಅವನ ಕಡೆ ಸರಿಸಿ, “ತಗೋರಿ, ಸಂಕೋಚ ಮಾಡಬ್ಯಾಡ್ರಿ,” ಎಂದಳು.

ಹಿರಿಯರಲ್ಲೊಬ್ಬರು ಗಂಟಲು ಸರಿಮಾಡಿಕೊಂಡರು. “ನೋಡ್ರೆಪಾ, ಮುಚ್ಚುಮರಿ ಏನೂ ಇಲ್ಲ. ಇಷ್ಟು ವರ್ಷ ಆತು, ಹುಡುಗಿಗಿ ಮಕ್ಕಳಾಗಲಿಲ್ಲ. ಇವರ ಮನ್ಯಾಗ ಒಬ್ಬನ ಮಗ. ಶ್ರಾವಣ ಕಳೀತಿದ್ದಂಗ ಅವಗ ಬ್ಯಾರೆ ಕಡೆ ಲಗ್ನ ಮಾಡಬೇಕಂತ ಅದಾರ. ಇಷ್ಟು ದಿನ ಯಾಕ ಸುಮ್ಮನಿದ್ದರಂದ್ರ, ಹಿಂದ ಯಾರೂ ಇಲ್ಲದಾಕಿನ್ನ ಹೊರಗ ಹಾಕಿದ್ರ ಊರು ಉಗಳತೈತಿ. ನಾವೂ ಒಪ್ಪತಿದ್ದಿಲ್ಲ. ಗಂಟು ಬಂದ ಮ್ಯಾಲೆ ಕಳಿಸಿದ ಅಣ್ಣ ಬರ್ತಾನಂತ ದಾರಿ ನೋಡಿದ್ರು, ಅವ ಬರಲಿಲ್ಲ. ಈಗ ನೀವು ಅದೀರಂತ ಗೊತ್ತಾತು. ನಿಮ್ಮ ಹುಡುಗಿನ್ನ ನಿಮ್ಮ ಕೈಯಾಗ ಒಪ್ಪಿಸಾಕತ್ತೀವಿ. ನಾವು ಸಾಕ್ಷಿ.”

ಅಣ್ಣ ಚಹಾದ ಬಟ್ಟಲು ಕೆಳಗಿಟ್ಟ. ಫೋನಿನಲ್ಲಿ ಆ ಹೆಂಗಸಿನ ದನಿಯಲ್ಲಿದ್ದ ಸಮಾಧಾನ ನನಗೆ ಈಗ ಅರ್ಥವಾಯಿತು. ಯಾರೂ ಇಲ್ಲ ಎಂದು ನಾನು ಅವತ್ತು ನಿಜ ಹೇಳಿದ್ದರೆ ಅತ್ತೆಯ ಕೈ ಕಟ್ಟಿಹಾಕಿದಂತಾಗುತ್ತಿತ್ತು. ಆ ಹುಡುಗಿ ಚುಚ್ಚುಮಾತು ಕೇಳಿಕೊಂಡಾದರೂ ಆ ಮನೆಯಲ್ಲಿ ಇರುತ್ತಿದ್ದಳು. ಈಗ ನಾವು ಅವಳ ತವರಿನವರಲ್ಲ ಎಂದರೆ, ಸುಳ್ಳು ಅಣ್ಣನನ್ನು ಕರೆಸಿದವಳೆಂದು ಇದೇ ಪಂಚರ ಮುಂದೆ ಅವಳ ಮಾನ ಹೋಗುತ್ತದೆ. ಹೌದು ಎಂದರೆ ಟ್ರಂಕು ಕಾರು ಸೇರುತ್ತದೆ. ನಾನು ಜೀವಮಾನವಿಡೀ ಮಾತಿನಿಂದಲೇ ಅನ್ನ ತಿಂದವಳು. ಅವತ್ತು ಸಿಕ್ಕಿದ್ದು ಒಂದೇ ಸವಕಲು ಮಾತು.

“ಕಾನೂನು ಅಂತ ಒಂದೈತ್ರಿ,” ಎಂದೆ ಕೊನೆಗೆ.

“ಐತ್ರಿ, ಯಾರು ಬ್ಯಾಡಂದ್ರು,” ಎಂದರು ಹಿರಿಯರು ಬಹಳ ಮರ್ಯಾದೆಯಿಂದ. “ಅಕಿ ಕೇಸು ಹಾಕಲಿ. ಅಣ್ಣ ಅದಾನಲ್ಲ, ನಿಂತು ನಡಸ್ತಾನ.”

ಅವಳು ಒಳಗಿಂದ ಬಂದಳು. ಹೋದ ವರ್ಷದ ಆ ಗಿಣಿಹಸಿರು ಸೀರೆಯನ್ನೇ ಉಟ್ಟಿದ್ದಳು. ಅಳುತ್ತಿರಲಿಲ್ಲ. ಅತ್ತೆ ಅವಳನ್ನು ದೇವರ ಮುಂದೆ ಕೂಡಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ, ಒಂದು ಖಣ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮುತ್ತೈದೆಯನ್ನು ತವರಿಗೆ ಕಳಿಸುವ ಶಾಸ್ತ್ರ ಒಂದೂ ತಪ್ಪಲಿಲ್ಲ. ಸೊಸೆ ಎಲ್ಲರ ಕಾಲಿಗೆ ನಮಸ್ಕರಿಸಿದಳು, ಗಂಡನ ಕಾಲಿಗೂ. ಅವನು ಕಾಲು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಅಣ್ಣ ಟ್ರಂಕು ಎತ್ತಿಕೊಂಡು ಮುಂದೆ ಹೋದ. ನಾನು ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಅತ್ತೆ ನನ್ನ ಬೆನ್ನಹಿಂದೆ ಬಂದು ನಿಂತಳು.

“ಭಾಳ ಚಂದ ಮಾತಾಡ್ತಾರ್ರಿ ನಿಮ್ಮ ಅಣ್ಣಾರು,” ಎಂದಳು ನನಗಷ್ಟೇ ಕೇಳುವಂತೆ. “ನಾ ದಿನಾ ಕೇಳ್ತಿದ್ದೆ, ಮೊಬೈಲಿನ್ಯಾಗ.”

ತಿರುಗಿ ನೋಡಿದೆ. ಅದೇ ನಗುಮುಖ. ಅವಳಿಗೆ ಅಣ್ಣ ಬಾಯಿ ತೆರೆದಾಗಲೇ ಎಲ್ಲ ಗೊತ್ತಾಗಿತ್ತು. ಗೊತ್ತಿದ್ದೇ ಒಪ್ಪಿಸಿದ್ದಳು. ಪಂಚರ ಮುಂದೆ ಹೌದೆನ್ನುವ ಒಬ್ಬ ಗಂಡಸು ಅವಳಿಗೆ ಬೇಕಾಗಿತ್ತು. ಅವನು ನಿಜವಾದವನೋ ಅಲ್ಲವೋ ಅವಳಿಗೆ ಬೇಕಾಗಿರಲಿಲ್ಲ. ಅವಳ ಮುಖಕ್ಕೆ ಉಗಿಯಬೇಕೆನ್ನಿಸಿತ್ತು, ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಜೋಕಾಲಿಯ ಹಗ್ಗ ಮಳೆಯಲ್ಲಿ ತೊಯ್ಯುತ್ತಿತ್ತು. ಹೆಂಗಸರೆಲ್ಲ ಬಾಗಿಲುಗಳಲ್ಲಿ ನಿಂತು ಕಾರನ್ನೇ ನೋಡುತ್ತಿದ್ದರು. ಅವರಲ್ಲಿ ಯಾರ ಮನೆಗೆ ನಮ್ಮ ಗಂಟು ಬಂದಿತ್ತೋ ನನಗೆ ಗೊತ್ತಿಲ್ಲ.

ಊರು ದಾಟಿ, ಬಾಗಲಕೋಟೆಗೂ ಬಾದಾಮಿಗೂ ದಾರಿ ಬೇರೆಯಾಗುವಲ್ಲಿ ಅಣ್ಣ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಯಾವ ಕಡೆ ತಿರುಗಿಸಬೇಕೆಂದು ನನ್ನನ್ನು ನೋಡಿದ. ನಾನು ಕಿಟಕಿಯ ಆಚೆ ನೋಡಿದೆ. ಹಿಂದಿನ ಸೀಟಿನಲ್ಲಿ ಅವಳು ಉಡಿಯ ಅಕ್ಕಿ ಚೆಲ್ಲದಂತೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಮುಂದಕ್ಕೆ ಬಾಗಿ ಕೇಳಿದಳು.

“ಅಕ್ಕಾರ, ನನ್ನ ತವರು ಯಾವ ಊರಾಗ ಐತಂತ ಅವರಿಗಿ ಹೇಳೀರಿ?”